ಮಷೀನಿಗೆ ಕನ್ನಡ ಬರಲ್ಲವಂತೆ!

ಮೊನ್ನೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಿಲ್ಲು ಕನ್ನಡದಲ್ಲಿ ಕೊಡಪ್ಪಾ ಎಂದೆ. ಕೌಂಟರಿನ ಹುಡುಗ ನಮ್ಮವನೇ, ಮಂಡ್ಯದ ಕಡೆಯವನು. 'ಮಷೀನಿಗೆ ಕನ್ನಡ ಬರಲ್ಲ ಸಾರ್' ಎಂದ. ಮಿತ್ರರೇ, ಈ ಉತ್ತರ ನಿಮಗೂ ಸಿಕ್ಕಿರುತ್ತದೆ, ಕೇಳಿಕೊಂಡು ಸುಮ್ಮನೆ ಬಂದಿರುತ್ತೀರಿ. ಒಂದು ಕಾಲಕ್ಕೆ ಈ ಮಾತು ನಿಜವಾಗಿತ್ತು. ಯಾವ ಕಾಲಕ್ಕೆ ಎಂದು ತಿಳಿದಿರಲಿ. ಜಗಳಕ್ಕೆ ಹೋಗುವವನಿಗೆ ಲೆಕ್ಕ ಗೊತ್ತಿರಬೇಕು.

1946ರಲ್ಲಿ ಅಮೆರಿಕದವರು ಲೋಕಕ್ಕೆ ತೋರಿಸಿದ ಎನಿಯಾಕ್ ಯಂತ್ರದ ತೂಕ 30 ಟನ್. ಅದರೊಳಗೆ ಸುಮಾರು 18,000 ವಾಲ್ವುಗಳು, ಹಳೆಯ ರೇಡಿಯೋದಲ್ಲಿ ಉರಿಯುತ್ತಿದ್ದವಲ್ಲ, ಅಂಥವು. ಅದಕ್ಕೆ ಕನ್ನಡವಿರಲಿ, ಇಂಗ್ಲಿಷೂ ಬರುತ್ತಿರಲಿಲ್ಲ. ಬರೀ ಅಂಕಿ! ಆಮೇಲೆ ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು, ಟ್ರಾನ್ಸಿಸ್ಟರುಗಳನ್ನು ಸಿಲಿಕಾನಿನ ಚೂರೊಂದರಲ್ಲಿ ಕೂಡಿಸಿದ ಚಿಪ್ ಬಂತು. 1971ರ ಇಂಟೆಲ್ 4004, ಬೆರಳುಗುರಿಗಿಂತ ಚಿಕ್ಕ ಚೂರು, ಅದರಲ್ಲಿ 2,300 ಟ್ರಾನ್ಸಿಸ್ಟರು.

ನಮ್ಮ ತಾಪತ್ರಯ ಶುರುವಾಗುವುದು 1981ರ ಐಬಿಎಂ ಪಿಸಿಯಿಂದ. ತೆರೆಯ ಮೇಲೆ ಮೂಡುವ ಅಕ್ಷರಗಳ ಆಕಾರವನ್ನು ಕಾರ್ಖಾನೆಯಲ್ಲೇ ಒಂದು ಚಿಪ್ಪಿನೊಳಗೆ ಅಚ್ಚು ಹಾಕಿ ಕಳಿಸುತ್ತಿದ್ದರು. ಒಟ್ಟು 256 ಆಕಾರ. ಬಣ್ಣದ ತೆರೆಯಾದರೆ ಒಂದು ಅಕ್ಷರಕ್ಕೆ ಅಡ್ಡ 8 ಚುಕ್ಕಿ, ಉದ್ದ 8 ಚುಕ್ಕಿ. ಆ ಚೌಕದಲ್ಲಿ ಇಂಗ್ಲಿಷ್ ಅಕ್ಷರ ಹಾಯಾಗಿ ಕೂರುತ್ತದೆ. 'ಸ್ತ್ರೀ' ಎಂದು ಬರೆದು ನೋಡಿ! ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಎರಡು ಒತ್ತು. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ ಕಾಗುಣಿತವೇ 442 ಆಯಿತು, ಒತ್ತಕ್ಷರ ಇನ್ನೂ ಎಣಿಸಿಲ್ಲ. 256 ಮನೆಯಲ್ಲಿ ಎಲ್ಲಿ ಕೂರಿಸುತ್ತೀರಿ? ಅವರು ತಮ್ಮ ಭಾಷೆಗೆಂದು ಮಾಡಿಕೊಂಡರು, ತಪ್ಪೇನಿಲ್ಲ ಬಿಡಿ. ನಾವು ಮಾಡಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವು.

ಆಗ ಕೈಕಟ್ಟಿ ಕೂರದವರೂ ಇದ್ದರು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಕನ್ನಡವೂ ಸೇರಿ ಭಾರತದ ಲಿಪಿಗಳು ತೆರೆಗೆ ಬರುತ್ತಿದ್ದವು. ಇಂಗ್ಲಿಷಿಗೆ ಪುಕ್ಕಟೆ ಸಿಕ್ಕಿದ್ದಕ್ಕೆ ನಾವು ಬೇರೆ ಕಾರ್ಡು ಕೊಳ್ಳಬೇಕು, ನೋಡಿ ನ್ಯಾಯ!

ಮುಂದಿನ ತಲೆಮಾರಿನ ಯಂತ್ರಗಳು ಈ ಗೋಡೆ ಒಡೆದವು. 1985ರ 386 ಚಿಪ್ಪಿನಲ್ಲಿ 2,75,000 ಟ್ರಾನ್ಸಿಸ್ಟರು. ಮೆಮೊರಿ ಅಗ್ಗವಾಯಿತು, ತೆರೆಯ ಒಂದೊಂದು ಚುಕ್ಕಿಯನ್ನೂ ಸಾಫ್ಟ್‌ವೇರೇ ಬಿಡಿಸತೊಡಗಿತು. ಅಕ್ಷರ ಚಿಪ್ಪಿನ ಸೆರೆಯಿಂದ ಹೊರಬಂದು ಫಾಂಟ್ ಆಯಿತು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೇ 128 ಮನೆ ಮೀಸಲಿಟ್ಟಿತು. ಒತ್ತು, ಕಾಗುಣಿತ ಜೋಡಿಸುವ ಕೆಲಸ ಯಂತ್ರದ ಪಾಲಿಗೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡವಿತ್ತು. 2020ರ ಐಫೋನಿನ ಚಿಪ್ಪಿನಲ್ಲಿ 1,180 ಕೋಟಿ ಟ್ರಾನ್ಸಿಸ್ಟರು! ಅಂಥ ಯಂತ್ರ ಜೇಬಿನಲ್ಲಿಟ್ಟುಕೊಂಡು 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವವರು ಯಾರು? ನಾನೂ ಕುಟ್ಟಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಇನ್ನು ಆ ಬಿಲ್ಲಿನ ಮಷೀನು. ಅಂಗೈಯಗಲದ ಬಿಲ್ ಪ್ರಿಂಟರಿನೊಳಗೆ ಇವತ್ತಿಗೂ ಅಚ್ಚು ಹಾಕಿದ ಅಕ್ಷರಗಳೇ ಇರುತ್ತವೆ, ಥೇಟ್ 1981ರ ಪಿಸಿಯ ಹಾಗೆ. ಅವುಗಳಲ್ಲಿ ಕನ್ನಡ ಇರುವುದು ಅಪರೂಪ. ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದೇ ಪ್ರಿಂಟರು ಅಂಗಡಿಯ ಲೋಗೋ ಹೊಡೆಯುತ್ತದಲ್ಲ? ಚುಕ್ಕಿ ಚುಕ್ಕಿಯಾಗಿ ಚಿತ್ರ ಬಿಡಿಸಲು ಬರುತ್ತದೆ ಎಂದಾಯಿತು. ಕನ್ನಡದ ಸಾಲನ್ನೂ ಸಾಫ್ಟ್‌ವೇರು ಹಾಗೇ ಚಿತ್ರ ಮಾಡಿ ಕಳಿಸಬಹುದು. ತುಸು ನಿಧಾನವಾದೀತು, ಅಷ್ಟೇ. ಅಂಥ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿ ನಿಮ್ಮಲ್ಲೇ ಎಷ್ಟು ಜನ ಇಲ್ಲ!

ಮುಂದಿನ ಸಲ ಹುಡುಗನ ಮೇಲೆ ರೇಗಬೇಡಿ, ಅವನ ಕೈಯಲ್ಲೇನಿದೆ? ಮಾಲೀಕರನ್ನು ಕರೆಸಿ. ಬಿಲ್ಲಿನ ನೆತ್ತಿಯ ಮೇಲಿನ ಲೋಗೋ ತೋರಿಸಿ ಕೇಳಿ: 'ಇದು ಬರುತ್ತದಲ್ಲ ಸ್ವಾಮಿ, ನಮ್ಮ ಅಕ್ಷರ ಯಾಕೆ ಬರಲ್ಲ?'