ರಕ್ತದ ಚೀಟಿಯೇ ತೀರ್ಪಲ್ಲ

ಗರ್ಭಿಣಿಯರ ರಕ್ತವನ್ನು ವಿ.ಡಿ.ಆರ್.ಎಲ್. ಪರೀಕ್ಷೆಗೆ ಕಳಿಸುವುದು ಆಸ್ಪತ್ರೆಗಳ ವಾಡಿಕೆ. ಸಿಫಿಲಿಸ್ ಎಂಬ ಲೈಂಗಿಕ ರೋಗ ಹೊಟ್ಟೆಯೊಳಗಿನ ಶಿಶುವಿಗೂ ತಗಲುವುದರಿಂದ ಇದು ಅಗತ್ಯವೇ. ಆದರೆ ಚೀಟಿಯಲ್ಲಿ 'ವೀಕ್ಲಿ ರಿಯಾಕ್ಟಿವ್' ಎಂದು ಬಂದೊಡನೆ ಗಂಡ, ಅತ್ತೆ, ಮಾವ ಎಲ್ಲರೂ ನ್ಯಾಯಾಧೀಶರಾಗಿಬಿಡುತ್ತಾರೆ.

ಈ ಪರೀಕ್ಷೆ ರೋಗಾಣುವನ್ನೇ ಹುಡುಕುವುದಿಲ್ಲ. ಜೀವಕೋಶಗಳು ಹಾನಿಗೊಂಡಾಗ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಗುರುತಿಸುತ್ತದೆ, ಅಷ್ಟೆ. ಮಲೇರಿಯ, ಕುಷ್ಠ, ಕೆಲವೊಮ್ಮೆ ಬಸಿರು ಕೂಡ ಅದನ್ನು ದಾರಿ ತಪ್ಪಿಸಬಲ್ಲವು. ಆದುದರಿಂದ ಟಿ.ಪಿ.ಎಚ್.ಎ. ಎಂಬ ಎರಡನೆಯ ಪರೀಕ್ಷೆ ಬೇಕು. ಅದೂ ಹೌದೆಂದರೆ? ಹಿಂದೆಂದೋ ಬಂದು ವಾಸಿಯಾದ ರೋಗದ ಗುರುತಾಗಿರಲೂಬಹುದು. ಆ ಗುರುತು ಬಹುತೇಕರಲ್ಲಿ ಜೀವಮಾನವಿಡೀ ಉಳಿಯುತ್ತದೆ. ಈಗಿನ ರೋಗವಾದರೆ ಪೆನಿಸಿಲಿನ್ ಚುಚ್ಚುಮದ್ದಿದೆ. ಗರ್ಭಿಣಿಗೆ ವೈದ್ಯರು ಎರಡನೆಯ ಫಲಿತಾಂಶಕ್ಕೆ ಕಾಯದೆ ಮದ್ದು ಕೊಟ್ಟರೆ ಅದು ಮಗುವಿನ ರಕ್ಷಣೆಗೆ, ತಾಯಿಯ ಮೇಲಿನ ಆರೋಪವಲ್ಲ. ಗಂಡನೂ ರಕ್ತ ಕೊಡಬೇಕು. (ಈ ಮಾತು ಬಂದಾಗ ಗಂಡಸರಿಗೆ ಹೊಲದ ಕೆಲಸ ನೆನಪಾಗುತ್ತದೆ!)

ಗೋವೆಯವರಾದ ನಾವು 1989ನ್ನು ಮರೆಯಬಾರದು. ರಕ್ತದಾನಿ ಡೊಮಿನಿಕ್ ಡಿಸೋಜಾ ಅವರ ರಕ್ತದಲ್ಲಿ ಎಚ್.ಐ.ವಿ. ಕಂಡಿತೆಂದು ಅವರನ್ನು ಮಾಪ್ಸಾದ ಹಳೆಯ ಕ್ಷಯರೋಗಾಲಯದಲ್ಲಿ 64 ದಿನ ಕೂಡಿಹಾಕಲಾಯಿತು. ಖಚಿತ ಫಲಿತಾಂಶಕ್ಕೇ ಆ ಶಿಕ್ಷೆ ಅನ್ಯಾಯವಾಗಿದ್ದರೆ, ಅರೆಬರೆ ಚೀಟಿ ಹಿಡಿದು ಸೊಸೆಯನ್ನು ತವರಿಗೆ ಅಟ್ಟುವುದು ಯಾವ ನ್ಯಾಯ?

ಎಚ್.ಐ.ವಿ. ಫಲಿತಾಂಶ ಸ್ಪಷ್ಟವಿಲ್ಲದಿದ್ದರೆ ಸುಮಾರು ಎರಡು ವಾರದ ಬಳಿಕ ಮತ್ತೆ ಪರೀಕ್ಷಿಸಬೇಕು. ಸರ್ಕಾರಿ ಕೇಂದ್ರಗಳಲ್ಲಿ ಇದು ಉಚಿತ. ಗುಟ್ಟು ಕಾಯುವುದು 2017ರ ಕಾಯಿದೆಯ ಆಜ್ಞೆ. ಚೀಟಿಯನ್ನು ನೆರೆಮನೆಗೆ ಒಯ್ಯಬೇಡಿ, ವೈದ್ಯರಲ್ಲಿಗೇ ಒಯ್ಯಿರಿ.