ದರ ಬದಲಾಗುವ ರಸ್ತೆಯಲ್ಲಿ ವೇಗವೇಕೆ ಬದಲಾಗಲಿಲ್ಲ?

ಅಮೆರಿಕದ ಟೆಕ್ಸಸ್ ರಾಜ್ಯದ ಫೋರ್ಟ್ ವರ್ತ್‌ನಲ್ಲಿ 2021ರ ಫೆಬ್ರುವರಿ 11ರಂದು ಆರು ಜನರನ್ನು ಬಲಿ ತೆಗೆದುಕೊಂಡದ್ದು ಪ್ರಕೃತಿ ಎಂದು ಹೇಳಿ ಕೈತೊಳೆದುಕೊಳ್ಳುವವರು ಈಗಲೂ ಇದ್ದಾರೆ. ಪ್ರಕೃತಿ ಅಂದು ಮಾಡಿದ್ದು ಬಹಳ ಕಡಿಮೆ. ಹಿಮಪಾತವಾಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಒಂದಿಷ್ಟು ತುಂತುರು ಬಿತ್ತು. ಬೆಳಗಿನ ಆರರ ಹೊತ್ತಿಗೆ ಅಂತರರಾಜ್ಯ ಹೆದ್ದಾರಿ 35 ಡಬ್ಲ್ಯು ಮೇಲಿನ ದಕ್ಷಿಣಾಭಿಮುಖ ಟೋಲ್ ಲೇನ್‌ಗಳಲ್ಲಿ ಒಂದು ಕಾರು ಜಾರಿತು, ಹಿಂದಿನದು ಅದಕ್ಕೆ ಗುದ್ದಿತು, ಅದರ ಹಿಂದಿನದು ಇವೆರಡಕ್ಕೂ. ಭಾರಿ ಟ್ರಕ್‌ಗಳೂ ಬಂದು ಅಪ್ಪಳಿಸಿದವು. ನೋಡನೋಡುತ್ತಿದ್ದಂತೆ ಸುಮಾರು 130 ವಾಹನಗಳು ಒಂದರ ಮೇಲೊಂದು ಹತ್ತಿ ನಿಂತವು. ಎರಡೂ ಬದಿಗೆ ಕಾಂಕ್ರೀಟ್ ಗೋಡೆ. ಪಕ್ಕಕ್ಕೆ ಸರಿಯಲು ಜಾಗವೇ ಇರಲಿಲ್ಲ. ಸಿಕ್ಕಿಬಿದ್ದವರಲ್ಲಿ ಪಾಳಿಗೆ ಹೊರಟಿದ್ದ ಆಸ್ಪತ್ರೆ ಸಿಬ್ಬಂದಿ ಅನೇಕರು. ಅದು ಕೋವಿಡ್ ಕಾಲ. ಮನೆಯಲ್ಲೇ ಉಳಿಯಿರಿ ಎಂಬ ಸಲಹೆ ಅನ್ವಯಿಸದ ಜನ ಅವರು.

ಈ ರಸ್ತೆಯನ್ನು ನೋಡಿಕೊಳ್ಳುವ ಹೊಣೆ ನಾರ್ತ್ ಟ್ಯಾರಂಟ್ ಎಕ್ಸ್‌ಪ್ರೆಸ್ ಮೊಬಿಲಿಟಿ ಪಾರ್ಟ್‌ನರ್ಸ್ ಎಂಬ ಖಾಸಗಿ ಸಂಸ್ಥೆಯದು. ನಾವು ಉಪ್ಪುನೀರು ಸಿಂಪಡಿಸಿದ್ದೆವು ಎಂಬುದು ಅದರ ಸಮರ್ಥನೆ. ಸಿಂಪಡಿಸಿದ್ದು ನಿಜವೇ, ಅಪಘಾತಕ್ಕೆ ಸುಮಾರು 44 ಗಂಟೆ ಮೊದಲು. ಈ ಸಮರ್ಥನೆಯ ಬೆಲೆ ಎಷ್ಟೆಂದು ತಿಳಿಯಲು ಉಪ್ಪು ರಸ್ತೆಯ ಮೇಲೆ ಮಾಡುವ ಕೆಲಸವನ್ನು ಕೊಂಚ ನೋಡಬೇಕು. ನೀರಿಗೆ ಉಪ್ಪು ಬೆರೆತರೆ ಅದು ಹೆಪ್ಪುಗಟ್ಟುವ ಉಷ್ಣಾಂಶ ಕೆಳಗಿಳಿಯುತ್ತದೆ. ತೂಕದಲ್ಲಿ ಶೇ 23ರಷ್ಟು ಉಪ್ಪಿರುವ ದ್ರಾವಣ ಮೈನಸ್ 21 ಡಿಗ್ರಿ ಸೆಲ್ಸಿಯಸ್ ತನಕ ದ್ರವವಾಗಿಯೇ ಉಳಿಯಬಲ್ಲದು. ಹಾಗಾಗಿ ಮಳೆ ಬರುವ ಮುನ್ನವೇ ಸಿಂಪಡಿಸಿಟ್ಟರೆ ಮಂಜುಗಡ್ಡೆ ರಸ್ತೆಗೆ ಅಂಟಿಕೊಳ್ಳದು. ಆದರೆ ಮೇಲಿನಿಂದ ತುಂತುರು ಬೀಳುತ್ತಾ ಹೋದಂತೆ ದ್ರಾವಣ ತೆಳುವಾಗುತ್ತದೆ, ಚಕ್ರಗಳು ಅದನ್ನು ಎರಚಿ ಚೆದುರಿಸುತ್ತವೆ. ಉಪ್ಪಿನ ಪಾಲು ಒಂದು ಮಟ್ಟಕ್ಕಿಂತ ಇಳಿಯಿತೋ, ಆ ನೀರೇ ಗಾಜಿನಂತೆ ಗಟ್ಟಿಯಾಗುತ್ತದೆ. ಬರಿಗಣ್ಣಿಗೆ ಕಾಣದ ಈ ಪದರವನ್ನೇ ಅಲ್ಲಿನವರು ಬ್ಲ್ಯಾಕ್ ಐಸ್ ಎನ್ನುವುದು.

ಎರಡು ದಿನ ಮುಂಚೆ ಸಿಂಪಡಿಸಿದ್ದೇ ತಪ್ಪು ಎಂದು ನಾವು ಹೇಳುವುದಿಲ್ಲ. ಒಣ ರಸ್ತೆಯಲ್ಲಿ ಉಪ್ಪು ಅಷ್ಟು ಕಾಲ ಉಳಿಯುವುದುಂಟು. ಸಿಂಪಡಿಸಿದ ಮೇಲೆ ರಸ್ತೆಯ ಮೇಲೆ ಸರಿಯಾದ ಕಣ್ಣಿಡದೆ ಹೋದದ್ದು ತಪ್ಪು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2023ರ ತನಿಖಾ ವರದಿಯೂ ಬೆರಳಿಟ್ಟದ್ದು ಇಲ್ಲಿಗೇ: ಎತ್ತರಿಸಿದ ಆ ಭಾಗದ ಸ್ಥಿತಿಯನ್ನು ನಿರ್ವಹಣಾ ಸಂಸ್ಥೆ ಪರಿಣಾಮಕಾರಿಯಾಗಿ ಗಮನಿಸಲಿಲ್ಲ, ಸರಿಪಡಿಸಲಿಲ್ಲ. ಎತ್ತರಿಸಿದ ಭಾಗ ಎಂಬ ಮಾತಿಗೆ ಇಲ್ಲಿ ತೂಕವಿದೆ. ನೆಲದ ಮೇಲಿನ ರಸ್ತೆಗೆ ಕೆಳಗಿನ ಮಣ್ಣಿನ ಬಿಸುಪು ಸಿಗುತ್ತದೆ. ಮೇಲ್ಸೇತುವೆಗೆ ಮೇಲೂ ತಣ್ಣನೆ ಗಾಳಿ, ಕೆಳಗೂ ತಣ್ಣನೆ ಗಾಳಿ. ಮೊದಲು ಹೆಪ್ಪುಗಟ್ಟುವುದು ಅದೇ. ಅಮೆರಿಕದಲ್ಲಿ ಸೇತುವೆಗಳ ಪಕ್ಕ ಫಲಕ ನೆಟ್ಟು ಚಾಲಕರಿಗೆ ಹೇಳುವ ಈ ಪಾಠವನ್ನು ಸೇತುವೆ ಕಾಯುವವರೇ ಮರೆತರೆಂದರೆ ಏನನ್ನಬೇಕು?

ಟೆಕ್ಸಸ್‌ನಲ್ಲಿ ಇಂಥ ಚಳಿ ಅಪರೂಪ ಎಂಬ ನೆಪವೂ ನಿಲ್ಲದು. 2011ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಪಂದ್ಯದ ವಾರವೇ ಡಲ್ಲಾಸ್–ಫೋರ್ಟ್ ವರ್ತ್ ಪ್ರದೇಶ ಮಂಜುಗಡ್ಡೆಯಲ್ಲಿ ಸ್ತಬ್ಧವಾಗಿತ್ತು. 2013ರ ಡಿಸೆಂಬರ್‌ನಲ್ಲಿ ಇದೇ 35ನೇ ಹೆದ್ದಾರಿಯ ಮೇಲೆ ಗಡ್ಡೆ ಉಬ್ಬುತಗ್ಗಾಗಿ ಗಟ್ಟಿಯಾಗಿ ದಿನಗಟ್ಟಲೆ ಕಾಡಿತ್ತು.

ಇನ್ನು ಈ ಲೇಖನದ ಶೀರ್ಷಿಕೆಯ ಪ್ರಶ್ನೆ. ಈ ಟೋಲ್ ಲೇನ್‌ಗಳಲ್ಲಿ ಶುಲ್ಕ ಒಂದೇ ಸಮ ಇರುವುದಿಲ್ಲ. ಎಷ್ಟು ವಾಹನ ನುಗ್ಗುತ್ತಿವೆ, ಎಷ್ಟು ವೇಗದಲ್ಲಿ ಓಡುತ್ತಿವೆ ಎಂದು ಯಂತ್ರಗಳು ಅಳೆಯುತ್ತಲೇ ಇರುತ್ತವೆ. ಅದಕ್ಕೆ ತಕ್ಕಂತೆ ದರ ಐದೈದು ನಿಮಿಷಕ್ಕೊಮ್ಮೆ ಏರಿಳಿಯಬಲ್ಲದು. ಎಲೆಕ್ಟ್ರಾನಿಕ್ ಫಲಕದಲ್ಲಿ ಹೊಸ ದರ ಮೂಡುತ್ತದೆ, ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಬಿಲ್ ಕಳಿಸುತ್ತದೆ. ವಸೂಲಿಯ ವಿಷಯದಲ್ಲಿ ಇಷ್ಟು ಚುರುಕಾದ ರಸ್ತೆಯಲ್ಲಿ ಅಂದು ವೇಗದ ಮಿತಿ ಮಾತ್ರ ಎಂದಿನ 75 ಮೈಲಿಯೇ, ಅಂದರೆ ಗಂಟೆಗೆ 120 ಕಿಲೋಮೀಟರ್. ಹವಾಮಾನ ನೋಡಿ ಅದನ್ನು ಇಳಿಸುವ ಅಧಿಕಾರವನ್ನು ರಾಜ್ಯ ತನ್ನ ಸಾರಿಗೆ ಇಲಾಖೆಗೇ ಕೊಟ್ಟಿರಲಿಲ್ಲ. ವಯೋಮಿಂಗ್‌ನ 80ನೇ ಹೆದ್ದಾರಿಯಲ್ಲೂ ವಾಷಿಂಗ್ಟನ್ ರಾಜ್ಯದ ಸ್ನೊಕ್ವಾಲ್ಮಿ ಕಣಿವೆದಾರಿಯಲ್ಲೂ ಅಷ್ಟೊತ್ತಿಗಾಗಲೇ ವರ್ಷಗಳಿಂದ ಬಳಕೆಯಲ್ಲಿದ್ದ ವ್ಯವಸ್ಥೆ ಇದು. ಗೊತ್ತಿರಲಿಲ್ಲ ಎನ್ನುವಂತಿಲ್ಲ, ಬೇಕೆನಿಸಲಿಲ್ಲ ಅಷ್ಟೇ. ಆದ್ದರಿಂದ ಎರಡನೆಯ ತಪ್ಪಿತಸ್ಥ ಟೆಕ್ಸಸ್ ಸರ್ಕಾರ. ತನ್ನ ಹೆದ್ದಾರಿಯನ್ನು ಖಾಸಗಿಯವರ ಕೈಗಿತ್ತ ಮಾತ್ರಕ್ಕೆ ಆ ಹೆದ್ದಾರಿಯ ಮೇಲಿನ ಜೀವಗಳ ಹೊಣೆಯೂ ಹಸ್ತಾಂತರವಾಗುವುದಿಲ್ಲ.

ಮೂರನೆಯವರು ಚಾಲಕರು. ಅವರನ್ನು ಪೂರ್ತಿ ಬಿಟ್ಟುಬಿಡಲಾಗದು. ಪರಿಸ್ಥಿತಿಗೆ ಮೀರಿದ ವೇಗ ಅನಾಹುತದ ತೀವ್ರತೆಯನ್ನು ಹೆಚ್ಚಿಸಿತೆಂದು ಮಂಡಳಿಯೂ ಹೇಳಿದೆ. ಲೆಕ್ಕ ಕಷ್ಟದ್ದೇನಲ್ಲ. 120 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 80 ಮೀಟರ್‌ನಲ್ಲಿ ನಿಲ್ಲುತ್ತದೆ. ಅದೇ ಕಾರಿಗೆ ಮಂಜುಗಡ್ಡೆಯ ಮೇಲೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಬೇಕು. ವೇಗವನ್ನು ಅರ್ಧಕ್ಕಿಳಿಸಿದರೆ ಆ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುವ ದೊಡ್ಡ ಗಾಡಿ ಇದೆ ಎಂಬ ಧೈರ್ಯ ಇಲ್ಲಿ ಹುಸಿ: ಹೊರಡಲು ಅದು ನೆರವಾಗುತ್ತದೆ, ನಿಲ್ಲಲು ಅಲ್ಲ. ಡಲ್ಲಾಸ್ ಸುತ್ತಲಿನ ಫ್ರಿಸ್ಕೊ, ಪ್ಲೇನೊ, ಅರ್ವಿಂಗ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅದರಲ್ಲೂ ಬೆಂಗಳೂರಿನಿಂದ ಈಗಷ್ಟೇ ಹೋಗಿ ಲೈಸೆನ್ಸ್ ಪಡೆದವರಿಗೆ, ಇದನ್ನು ಒತ್ತಿ ಹೇಳಬೇಕಾಗಿದೆ. ಅಂಥ ದಿನ ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಸೇತುವೆ ಹತ್ತುವ ಮೊದಲೇ ವೇಗ ಇಳಿಸಿ, ಸೇತುವೆಯ ಮೇಲೆ ಹೋಗಿ ಬ್ರೇಕ್ ಒತ್ತಬೇಡಿ. ಗೋಡೆಗಳ ನಡುವಿನ ಟೋಲ್ ಲೇನ್ ಬಿಟ್ಟು ಪಕ್ಕದ ನಿಧಾನದ ದಾರಿ ಹಿಡಿಯಿರಿ. ಮನೆಯಿಂದಲೇ ಮಾಡಬಹುದಾದ ಕೆಲಸಕ್ಕೆ ಅಂದು ಕಚೇರಿಗೆ ಬನ್ನಿ ಎನ್ನುವ ಮ್ಯಾನೇಜರ್‌ಗೆ ಇಲ್ಲ ಎನ್ನಿ.

ಆದರೆ ಕತ್ತಲಲ್ಲಿ ಕಾಣದ ಪದರವನ್ನು ಚಾಲಕ ಊಹಿಸಬೇಕಿತ್ತು ಎಂದು ತೀರ್ಪು ಕೊಡುವ ಮುನ್ನ, ಅದನ್ನು ಪತ್ತೆಹಚ್ಚುವುದೇ ಕೆಲಸವಾಗಿದ್ದವರನ್ನು ಕೇಳಬೇಕು. ಈ ಕ್ರಮ ತಲೆಕೆಳಗಾಗಕೂಡದು.

ಸುರಕ್ಷತಾ ಮಂಡಳಿ ಶಿಫಾರಸು ಮಾಡಬಲ್ಲದು, ಆದೇಶಿಸಲಾರದು. ಅದರ ವರದಿಯನ್ನು ಪರಿಹಾರದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸುವುದಕ್ಕೂ ಅಮೆರಿಕದ ಕಾನೂನು ಬಿಡುವುದಿಲ್ಲ. ತನಿಖೆಯಲ್ಲಿ ಜನ ಬಾಯಿಬಿಟ್ಟು ಮಾತಾಡಲಿ ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿಯಿರಬಹುದು, ಆದರೆ ವರದಿಗೆ ಹಲ್ಲಿಲ್ಲದಂತಾಯಿತು. ಹಾಗಾಗಿ ಹಲ್ಲು ಇರಬೇಕಾದದ್ದು ಗುತ್ತಿಗೆಯಲ್ಲಿ. ಎತ್ತರಿಸಿದ ಪ್ರತಿ ಭಾಗದಲ್ಲೂ ರಸ್ತೆಯ ಮೇಲ್ಮೈಯ ಉಷ್ಣಾಂಶ ಮತ್ತು ತೇವ ಅಳೆಯುವ ಸೆನ್ಸರ್ ಇರಲೇಬೇಕು. ಉಪ್ಪು ಹೆಚ್ಚಾದರೆ ಕಬ್ಬಿಣಕ್ಕೆ ತುಕ್ಕು, ಹಳ್ಳಕೊಳ್ಳಕ್ಕೆ ವಿಷ ಎನ್ನುವವರಿಗೂ ಇದೇ ಉತ್ತರ, ಬೇಕಾದಲ್ಲಿ ಬೇಕಾದಷ್ಟೇ ಹಾಕಬಹುದು. ಮೇಲ್ಮೈ ಶೂನ್ಯಕ್ಕಿಳಿದು ತೇವ ಕಂಡೊಡನೆ ದರ ತೋರಿಸುವ ಅದೇ ಫಲಕ ಇಳಿಸಿದ ವೇಗವನ್ನು ತೋರಿಸಬೇಕು. ಉಪ್ಪಿನ ಟ್ರಕ್ ಬರುವ ತನಕ ಲೇನ್ ಮುಚ್ಚಬೇಕು. ಮುಚ್ಚಿದ್ದರಿಂದ ತಪ್ಪಿದ ಟೋಲ್ ಆದಾಯವನ್ನು ಸರ್ಕಾರ ತುಂಬಿಕೊಡಕೂಡದು, ಮುಚ್ಚದೆ ಅಪಘಾತವಾದರೆ ದಂಡ ತಪ್ಪಕೂಡದು.