ಶಾಲೆ ಮೊಟ್ಟೆ: ಸರ್ಕಾರದ ರೇಟು ಬೇರೆ, ಅಂಗಡಿ ರೇಟು ಬೇರೆ

ಬಿಸಿಯೂಟದ ಜೊತೆ ವಾರಕ್ಕೆ 2 ದಿನ ಇದ್ದ ಮೊಟ್ಟೆ 2024ರ ಸೆಪ್ಟೆಂಬರ್‌ನಲ್ಲಿ 6 ದಿನ ಆಯ್ತು. ಹೆಚ್ಚುವರಿ 4 ದಿನದ ದುಡ್ಡು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಒಳ್ಳೆಯ ಕೆಲಸವೇ. ಆದರೆ ಆಗ ಕಟ್ಟಿದ ಲೆಕ್ಕ ಮೊಟ್ಟೆಗೆ 6 ರೂ. ಅದರಲ್ಲಿ ಬೇಯಿಸೋಕೆ 50 ಪೈಸೆ, ಸುಲಿಯೋಕೆ 30, ಸಾಗಣೆಗೆ 20 ಕಳೆದರೆ ಖರೀದಿಗೆ ಉಳಿಯೋದು 5 ರೂ. ಮಾತ್ರ.

ಅಂಗಡಿಯಲ್ಲಿ ಮೊಟ್ಟೆ 7 ರೂ. ಆದ ದಿನ 100 ಮಕ್ಕಳ ಶಾಲೆಗೆ 200 ರೂ. ಕೊರತೆ, ವಾರಕ್ಕೆ 1,200. ಅಕ್ಕಿಯಾದರೆ ಸರ್ಕಾರಿ ಗೋದಾಮಿನಿಂದ ಬರುತ್ತೆ, ರೇಟಿನ ಬಿಸಿ ಶಾಲೆಗೆ ತಟ್ಟಲ್ಲ. ಮೊಟ್ಟೆ ಹಾಗಲ್ಲ, ಪೇಟೆಯಿಂದಲೇ ತರಬೇಕು. ಸಗಟು ದರ ದಿನಾ ಏರಿಳಿಯುತ್ತೆ, ಇಲಾಖೆ ದರ ಆದೇಶ ಬಂದರಷ್ಟೇ ಅಲುಗೋದು. ಅಲ್ಲಿವರೆಗೆ ವ್ಯತ್ಯಾಸ ತುಂಬೋದು ಮುಖ್ಯ ಶಿಕ್ಷಕರ ಜೇಬು, ಇಲ್ಲವೇ ಅಂಗಡಿಯವರ ಉದ್ರಿ ಪುಸ್ತಕ.